ಅಂಚೆಚೀಲದ ಪಟ್ಟಿ

ಬೀದಿಯವರೆಲ್ಲ ಅವಳನ್ನು ಪೋಸ್ಟಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅದೇ ನಾಲ್ಕು ಬೀದಿ, ಅವೇ ನಾಯಿಗಳು, ಬಲಭುಜದಿಂದ ಎದೆ ಹಾದು ಎಡಸೊಂಟಕ್ಕೆ ಇಳಿಬಿದ್ದ ಅದೇ ಚೀಲ. ಯಾರ ಮನೆಗೆ ಕೋರ್ಟಿನ ನೋಟಿಸು ಬಂತು, ಯಾರಿಗೆ ಕೆಲಸದ ಆರ್ಡರು ಬಂತು ಎಂಬುದೆಲ್ಲ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಒಂದು ದಿನ ಸ್ನಾನ ಮಾಡುವಾಗ ಎಡ ಮೊಲೆಯಲ್ಲಿ, ಸರಿಯಾಗಿ ಚೀಲದ ಪಟ್ಟಿ ಉಜ್ಜುವ ಜಾಗದಲ್ಲೇ, ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಇದ್ದಿದ್ದರೆ ಅಂದೇ ಡಾಕ್ಟರ ಹತ್ತಿರ ಓಡುತ್ತಿದ್ದಳು. ಆಫೀಸಿನಲ್ಲಿ ಕಾಗದ ವಿಂಗಡಿಸುವ ಗೆಳತಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದಳು.

"ಅಯ್ಯೋ, ಅದು ಪಟ್ಟಿ ಉಜ್ಜಿ ಆಗಿರೋದು ಕಣೇ. ಚೀಲ ಆ ಕಡೆ ಹಾಕ್ಕೋ, ತಾನೇ ಹೋಗುತ್ತೆ."

ಆ ಮಾತು ಎಷ್ಟು ಹಿತವಾಗಿತ್ತೆಂದರೆ ನಂಬದೆ ಇರಲು ಮನಸ್ಸೇ ಬರಲಿಲ್ಲ. ಮರುದಿನದಿಂದ ಚೀಲ ಎಡಭುಜಕ್ಕೆ ಬಂತು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೂ ಆ ಪುಣ್ಯಾತ್ಮ ಪೇಪರಿನಿಂದ ತಲೆ ಎತ್ತುತ್ತಿದ್ದನೇ ಎಂಬುದು ಬೇರೆ ಮಾತು.

ಅದೇ ತಿಂಗಳು ದೊಡ್ಡಾಸ್ಪತ್ರೆಯಿಂದ ಗುಲಾಬಿ ಬಣ್ಣದ ಕಾರ್ಡುಗಳ ಕಟ್ಟು ಬಂತು. ಹೆಂಗಸರಿಗೆ ಉಚಿತ ಸ್ತನ ತಪಾಸಣೆ, ನೋವಿಲ್ಲದ ಗಂಟನ್ನೂ ತೋರಿಸಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮುನ್ನೂರು ಮನೆಗೂ ಒಂದು ಬಿಡದೆ ಹಂಚಿದಳು. ಬೀಗ ಹಾಕಿದ್ದ ಮನೆಗಳಿಗೆ ಎರಡೆರಡು ಸಲ ಹೋದಳು. ಮೂಲೆಮನೆಯ ರಿಟೈರ್ಡ್ ಟೀಚರಮ್ಮ ಕಾರ್ಡು ನೋಡಿ ಮೂಗು ಮುರಿದಾಗ, "ಒಂದ್ಸಲ ಹೋಗ್ಬನ್ನಿ ಅಮ್ಮ, ಗಂಟೇನು ಹೋಗುತ್ತೆ ನಿಮ್ದು?" ಎಂದು ಗದರಿಸಿದವಳೂ ಅವಳೇ. ತನ್ನದು ಪಟ್ಟಿಯಿಂದ ಆದದ್ದು ತಾನೇ, ಅದಕ್ಕೆಂಥ ತಪಾಸಣೆ!

ಟೀಚರಮ್ಮ ಹೋದರು. ಅವರಿಗೂ ಗಂಟಿತ್ತಂತೆ, ಚಿಕ್ಕದಿದ್ದಾಗಲೇ ಸಿಕ್ಕಿತಂತೆ, ತೆಗೆದರಂತೆ. ಎಂಟು ತಿಂಗಳಿಗೆ ಅವರು ಗೇಟಿನಲ್ಲಿ ನಿಂತು ಮೊದಲಿನಂತೆಯೇ ನಾಯಿಗಳನ್ನು ಬೈಯುತ್ತಿದ್ದರು. ಅಷ್ಟರಲ್ಲಿ ಪೋಸ್ಟಕ್ಕನ ಗಂಟು ನಿಂಬೆಹಣ್ಣಿನಷ್ಟಾಗಿ, ಮೇಲಿನ ಚರ್ಮ ಒಳಕ್ಕೆ ಸೆಳೆದುಕೊಂಡು, ಕಂಕುಳಲ್ಲಿ ಇನ್ನೊಂದು ಎದ್ದಿತ್ತು. ಬಟ್ಟೆ ಬದಲಿಸುವಾಗ ಮಗಳ ಕಣ್ಣಿಗೆ ಬಿದ್ದು, ಅವಳು ಅಳುತ್ತಲೇ ಅಮ್ಮನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಎದುರು ಕೂರಿಸಿಕೊಂಡರು.

"ಎಷ್ಟು ದಿನದಿಂದ ಇದೆ?"

"ಎಂಟು ತಿಂಗಳು. ಚೀಲದ ಪಟ್ಟಿ ಉಜ್ಜಿ ಆಗಿದೆ ಅಂದ್ಕೊಂಡೆ."

"ಪಟ್ಟಿ ಉಜ್ಜಿದ್ರೆ ಕ್ಯಾನ್ಸರ್ ಬರಲ್ಲಮ್ಮ. ಆಗಲೇ ಬಂದಿದ್ರೆ ಗುಣ ಮಾಡೋ ಅವಕಾಶ ಚೆನ್ನಾಗಿತ್ತು. ಈಗ ಮೂಳೆಗೂ ಹೋಗಿದೆ. ಹತೋಟಿಲಿ ಇಡೋಕೆ ನೋಡ್ಬಹುದು, ಅಷ್ಟೇ."

ಮಗಳು ಮುಖ ಮುಚ್ಚಿಕೊಂಡಳು. ಡಾಕ್ಟರಿಗೂ ಸಂಕಟವಾಗಿರಬೇಕು, ಆ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು. ಮೇಜಿನ ಮೇಲಿದ್ದ ಗುಲಾಬಿ ಕಾರ್ಡೊಂದನ್ನು ಎತ್ತಿ ತೋರಿಸಿದರು.

"ಮನೆಮನೆಗೂ ಇದನ್ನ ಕಳಿಸಿದ್ವಲ್ಲ, ನಿಮಗೆ ಸಿಗ್ಲಿಲ್ವಾ? ಈ ಪೋಸ್ಟಿನವರ ಹಣೆಬರಹವೇ ಇಷ್ಟು."

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದವಳು ಆಗ ತಲೆ ಎತ್ತಿದಳು.

"ಪೋಸ್ಟಿನವರನ್ನ ಅನ್ನಬೇಡಿ ಡಾಕ್ಟ್ರೇ. ಮುನ್ನೂರು ಮನೆಗೂ ನಾನೇ ಕೊಟ್ಟು ಬಂದಿದ್ದೀನಿ."