ಪರೀಕ್ಷೆಯ ಕೋಣೆಯ ಸುಳ್ಳು ರೋಗಿ

ದೆವ್ವ, ಶಕುನ, ದೂರದ ಕರೆ ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಗುತ್ತಿದ್ದವಳು ನಾನು. ಓದುಗರೇ, ಈಗಲೂ ನಂಬುತ್ತೇನೆಂದು ಹೇಳುತ್ತಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ, ಅಷ್ಟೇ.

ನಾನು ಹೈದರಾಬಾದಿನಲ್ಲಿ ಡಾಕ್ಟರು. ಕೆಲವು ವರ್ಷಗಳ ಹಿಂದೆ ನಮ್ಮ ಆಸ್ಪತ್ರೆಯಲ್ಲಿ ಹೊಸ ನಿಯಮ ಬಂತು. ರೋಗಿಗಳ ಆಚಾರ, ನಂಬಿಕೆ, ಸಂಕೋಚಗಳನ್ನು ಅರಿಯುವ ತರಬೇತಿ ಮುಗಿಸಿ ಸರ್ಟಿಫಿಕೇಟ್ ತರದವರಿಗೆ ಬಡ್ತಿಯಿಲ್ಲ. ಹೊರಗೆ ತೆಲುಗು, ಉರ್ದು, ಮನೆಯಲ್ಲಿ ಕಲಬುರಗಿ ಕನ್ನಡ ಆಡಿ ಬೆಳೆದ ನನಗೆ ಇವರೇನು ಕಲಿಸುತ್ತಾರೆ ಎಂದು ಗೊಣಗುತ್ತಲೇ ಹೋದೆ. ಕೊನೆಯ ದಿನ ಪರೀಕ್ಷೆ. ಫೋನು ಹೊರಗಿಟ್ಟು ಒಳಗೆ ಹೋಗಬೇಕು. ನಟಿಯೊಬ್ಬಳು ರೋಗಿಯಾಗಿ ಕೂತಿರುತ್ತಾಳೆ, ಅವಳು ಮುಚ್ಚಿಟ್ಟಿದ್ದನ್ನು ಬಾಯಿಬಿಡಿಸಬೇಕು. ರೋಗಿ ಏನಿಲ್ಲ ಅಂದರೆ ಬಿಡಬೇಡಿ, ಇನ್ನೊಮ್ಮೆ ಕೇಳಿ ಎಂಬುದೇ ಅಲ್ಲಿನ ದೊಡ್ಡ ಪಾಠ.

ನನ್ನ ಪಾಲಿಗೆ ಬಂದವಳು ನಾಚಾರಂ ಕಡೆಯ ತೆಲುಗು ಹೆಂಗಸು. ಮಂಡಿನೋವಿನ ಪಾತ್ರ. ಬೇರೆ ಏನಾದರೂ ತೊಂದರೆ ಇದೆಯೇ ಎಂದರೆ, ಏನೂ ಇಲ್ಲಮ್ಮ ಎಂದು ತೆಲುಗಿನಲ್ಲಿ ಹೇಳಿದಳು. ಇನ್ನೊಮ್ಮೆ ಕೇಳಿದೆ. ಮಂಡಿಯ ಮೇಲಿದ್ದ ಕೈಯನ್ನು ಎದೆಗೆ ಒಯ್ದು, ಅಚ್ಚ ಕಲಬುರಗಿ ಕನ್ನಡದಲ್ಲಿ, "ನನ್ನ ಮಗಳಿಗೆ ಹೇಳಬ್ಯಾಡ್ರಿ. ಅಕಿ ಪರೀಕ್ಷಾದಾಗ ಅದಾಳ" ಎಂದಳು.

ಅದು ನಮ್ಮ ಅವ್ವನ ಮಾತಿನ ಧಾಟಿ. ಮಕ್ಕಳು ಪರೀಕ್ಷೆಗೆ ಹೋದಾಗ ಮನೆಯ ಕೆಟ್ಟ ಸುದ್ದಿ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಮನೆಯ ರೂಢಿ. ಪರೀಕ್ಷಕರು ನೋಡುತ್ತಿದ್ದಂತೆಯೇ ಹೊರಗೆ ಓಡಿ ಫೋನ್ ಮಾಡಿದೆ. ಅವ್ವ ಎತ್ತಲಿಲ್ಲ. ಲಿಂಗಂಪಲ್ಲಿಯ ನಮ್ಮ ಎದುರುಮನೆಯ ಶಾಂತಕ್ಕನಿಗೆ ಮಾಡಿದೆ.

"ಈಗ ನೋಡಿ ಬಂದೆ ತಂಗಿ. ನಿಮ್ಮ ಅವ್ವಾರಿಗೆ ಎದಿ ಹಿಡದೈತಂತ. ಗ್ಯಾಸ್ ಅಂತ ಅಜವಾನ ತಿಂದು ಮಲಗ್ಯಾರ. ಮಗಳಿಗೆ ಹೇಳಬ್ಯಾಡ್ರಿ, ಪರೀಕ್ಷಾದಾಗ ಅದಾಳ ಅಂತ ಆಣಿ ಮಾಡಿಸ್ಯಾರ."

"ಅದು ಗ್ಯಾಸ್ ಅಲ್ರಿ ಅಕ್ಕಾ! ಈಗಿಂದೀಗ ದವಾಖಾನಿಗೆ ಕರ್ಕೊಂಡು ಹೋಗ್ರಿ" ಎಂದು ಕಿರುಚಿದೆ.

ಹೃದಯಾಘಾತವೇ ಆಗಿತ್ತು. ಇನ್ನಷ್ಟು ತಡವಾಗಿದ್ದರೆ ಅವ್ವ ಉಳಿಯುತ್ತಿರಲಿಲ್ಲ. ಕಣ್ಣು ತೆರೆದು ಅವಳು ಕೇಳಿದ ಮೊದಲ ಮಾತು, "ಪರೀಕ್ಷಾ ಹ್ಯಾಂಗಾತು?"

ಆಮೇಲೆ ಆ ನಟಿಯನ್ನು ಹುಡುಕಿಕೊಂಡು ಹೋದೆ. ಅವಳಿಗೆ ಕನ್ನಡದ ಒಂದಕ್ಷರವೂ ಬಾರದು. ನೀವು ಎರಡನೇ ಸಲ ಕೇಳಿದಿರಿ, ನಾನು ಬಾಯಿ ತೆರೆಯುವ ಮೊದಲೇ ಎದ್ದು ಓಡಿದಿರಿ ಎಂದಳು. ಪರೀಕ್ಷಕರೂ ಅದನ್ನೇ ಹೇಳಿದರು. ಹಾಗಾದರೆ ನಾನು ಕೇಳಿದ್ದು ಏನನ್ನು?

ಮರುವರ್ಷ ಮತ್ತೆ ಪರೀಕ್ಷೆ ಕೊಟ್ಟು ಸರ್ಟಿಫಿಕೇಟ್ ತಂದೆ. ಅವ್ವ ಅದನ್ನು ಗೋಡೆಗೆ ಹಾಕಿಸಿದ್ದಾಳೆ. ನನಗೆ ಮಾತ್ರ ಅಂದಿನಿಂದ ಸಮಾಧಾನವಿಲ್ಲ. ಕೆಲಸದ ನಡುವೆ ಎದ್ದು ಮನೆಗೆ ಫೋನ್ ಮಾಡುತ್ತೇನೆ. "ಏನಿಲ್ಲವ್ವಾ, ಆರಾಮ ಅದೀನಿ" ಅನ್ನುತ್ತಾಳೆ ಅವ್ವ. ಇನ್ನೊಮ್ಮೆ ಕೇಳುತ್ತೇನೆ. ಅದನ್ನೇ ಅನ್ನುತ್ತಾಳೆ. ಅಂದು ನನಗೆ ತಿಳಿಸಿದವರು ಯಾರೋ, ಮುಂದಿನ ಸಲ ತಿಳಿಸುತ್ತಾರೋ ಇಲ್ಲವೋ.