ಬಯಕೆಯೆಂದು ತಿಂದ ಅಕ್ಕಿ

ಮೂರು ವರ್ಷಗಳ ಹಿಂದೆ, ಅಲೆವೂರಿನ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿಯಾಗಿದ್ದಾಗ ನನಗೊಂದು ವಿಚಿತ್ರ ಬಯಕೆ ಹುಟ್ಟಿತು. ಮಾವಿನಕಾಯಿ ಅಲ್ಲ, ಹುಣಸೆ ಅಲ್ಲ, ಹಸಿ ಅಕ್ಕಿ! ಬೆಳ್ತಿಗೆ ಅಕ್ಕಿಯನ್ನು ಮುಷ್ಟಿಗಟ್ಟಲೆ ಕಟಕಟನೆ ಅಗಿಯುತ್ತಿದ್ದೆ. "ಬಸುರಿಯ ಬಯಕೆ ಅಲ್ವಾ, ತಿನ್ನಲಿ" ಎಂದು ಅತ್ತೆ ಪ್ರೀತಿಯಿಂದ ಒಂದು ಡಬ್ಬಿ ತುಂಬಿಸಿ ನನ್ನ ಮಂಚದ ಬಳಿಯೇ ಇಟ್ಟಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬಸುರಿಗೆ ಅದೆಲ್ಲ ಇದ್ದದ್ದೇ ಎಂದುಕೊಂಡೆವು.

ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ ಒಂದಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆಂದು ನಾನು ಅದನ್ನು ಬಿಟ್ಟೇಬಿಟ್ಟಿದ್ದೆ. ಡಾಕ್ಟರ್ ಕೇಳಿದಾಗಲೆಲ್ಲ "ತಗೊಳ್ತಿದ್ದೇನೆ ಮೇಡಂ" ಎಂದು ತಲೆಯಾಡಿಸಿ ಬರುತ್ತಿದ್ದೆ. ಏಳನೇ ತಿಂಗಳ ರಕ್ತಪರೀಕ್ಷೆಯನ್ನೂ ನಾಳೆ, ನಾಳೆ ಎಂದು ಮುಂದೂಡಿದ್ದೆ.

ಕಾಪುವಿನಿಂದ ಮೀನು ತರುವ ಗುಲಾಬಿಯಕ್ಕ ಒಂದು ಬೆಳಿಗ್ಗೆ ಅಂಗಳದಲ್ಲಿ ಬುಟ್ಟಿ ಇಳಿಸಿದಾಗಲೂ ನಾನು ಅಗಿಯುತ್ತಲೇ ಇದ್ದೆ.

"ಎಂತ ಮಗಾ ಅದು ಬಾಯಲ್ಲಿ?"

"ಅಕ್ಕಿ."

ಅವರ ನಗು ನಿಂತುಹೋಯಿತು. "ನಾಲಗೆ ತೋರಿಸು" ಎಂದರು. ತೋರಿಸಿದೆ.

"ಅಯ್ಯೋ ದೇವರೇ, ಬಿಳಿಚಿ ಹೋಗಿದೆ! ನನ್ನ ಮಗಳೂ ಹೀಗೆಯೇ ಅಕ್ಕಿ ತಿನ್ನುತ್ತಿದ್ದಳು ಮಾರಾಯ್ತಿ. ನಾವೂ ಬಯಕೆ ಎಂದು ಸುಮ್ಮನಿದ್ದೆವು. ಹೆರಿಗೆಯ ದಿನ ರಕ್ತ ಹೋಗಿ ಅವಳು ಉಳಿದದ್ದೇ ಹೆಚ್ಚು. ನೀನು ಮಾತ್ರೆ ತಿನ್ನುವುದುಂಟಾ, ಇಲ್ವಾ? ನಿಜ ಹೇಳು."

ಅತ್ತೆ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರಿಗೆ ಸಲೀಸಾಗಿ ಹೇಳುತ್ತಿದ್ದ ಸುಳ್ಳು ಅಂದು ಯಾಕೋ ಬಾಯಿಗೆ ಬರಲಿಲ್ಲ. "ಇಲ್ಲ" ಎಂದೆ.

ಗುಲಾಬಿಯಕ್ಕ ಬುಟ್ಟಿ ಮುಚ್ಚಿಬಿಟ್ಟರು. "ರಕ್ತ ಪರೀಕ್ಷೆ ಮಾಡಿಸಿ ಬಾ. ಅಲ್ಲಿವರೆಗೆ ಈ ಮನೆಗೆ ಒಂದು ಬೂತಾಯಿ ಮೀನೂ ಇಲ್ಲ!"

ನನಗೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿ, ಅಂದೇ ಅತ್ತೆಯ ಜೊತೆ ಮಣಿಪಾಲಕ್ಕೆ ಹೋದೆ. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಏಳು ಕೂಡ ಇರಲಿಲ್ಲ. "ಹಸಿ ಅಕ್ಕಿ ತಿನ್ನಬೇಕು ಅನಿಸುವುದೇ ರಕ್ತಹೀನತೆಯ ಲಕ್ಷಣ ಇರಬಹುದು. ಮಾತ್ರೆ ಆಗದಿದ್ದರೆ ಬೇರೆ ಕೊಡುತ್ತಿದ್ದೆವಲ್ಲ, ಯಾಕೆ ಮುಚ್ಚಿಟ್ಟಿರಿ?" ಎಂದು ಡಾಕ್ಟರ್ ಕೇಳಿದರು. ಮಲಗಿಸಿ ಕಬ್ಬಿಣಾಂಶದ ಮದ್ದನ್ನು ನರಕ್ಕೆ ಏರಿಸಿದರು. ಮಾತ್ರೆ ಬದಲಾಯಿಸಿ, ಅದರ ಜೊತೆ ಚಹಾ ಕುಡಿಯಬಾರದು ಎಂದರು. ಮನೆಗೆ ಬಂದವರೇ ಅತ್ತೆ ಅಕ್ಕಿಯ ಡಬ್ಬಿ ಎತ್ತಿಕೊಂಡು ಒಳಗೆ ಹೋಗಿ ಅತ್ತರು. ಕೆಲವೇ ವಾರಗಳಲ್ಲಿ ಆ ಬಯಕೆ ಹೇಳಹೆಸರಿಲ್ಲದೆ ಹೋಯಿತು.

ಹೆರಿಗೆಯ ಮರುದಿನ ಡಾಕ್ಟರ್ ನನ್ನ ಕೈ ಹಿಡಿದು ಹೇಳಿದರು: "ರಕ್ತ ಸ್ವಲ್ಪ ಹೆಚ್ಚೇ ಹೋಯಿತು. ಆದರೆ ತಡೆದುಕೊಳ್ಳುವಷ್ಟು ನಿಮ್ಮಲ್ಲಿತ್ತು. ಮೊದಲಿನ ಹಾಗೆಯೇ ಬಂದಿದ್ದರೆ ನಮಗೂ ಕಷ್ಟವಿತ್ತು." ಪಕ್ಕದಲ್ಲಿ ಮಗಳು ಮಲಗಿದ್ದಳು. ಬದುಕಿದೆವಲ್ಲ ಎಂದು ನಾನು ಮನಸಾರೆ ಅತ್ತುಬಿಟ್ಟೆ.

ಕಾರ್ಕಳದ ತವರಿನಲ್ಲಿ ಬಾಣಂತನ ಮುಗಿಸಿ ಅಲೆವೂರಿಗೆ ಮರಳಿದ ದಿನ ಗುಲಾಬಿಯಕ್ಕ ಬಂದರು. ಬಾಗಿಲಲ್ಲೇ ನಿಂತು, "ಕೈಯೆಲ್ಲ ಮೀನಿನ ವಾಸನೆ ಉಂಟು, ಮಗುವನ್ನು ಎತ್ತಿಕೊಳ್ಳುವುದು ಬೇಡ" ಎಂದರು. ನಾನು ಕೇಳಲಿಲ್ಲ. ಮಗಳನ್ನು ಅವರ ಕೈಗೇ ಕೊಟ್ಟೆ. ಅವಳಿಗೆ ತಾಯಿಯನ್ನು ಉಳಿಸಿಕೊಟ್ಟ ಕೈ ಅದು.