ಪುರಾಣದ ಕೂಸಿಗೆ ಮೊಮ್ಮಗಳು ಹೇಳಿದ ಅರ್ಥ

ಪುರಾಣ ಮುಗಿಯುವ ತನಕ ನನ್ನ ಮೊಮ್ಮಗಳೇ ಅರ್ಥ ಹೇಳಲಿ ಎಂದು ಮಠದ ಸ್ವಾಮಿಗಳು ಎಲ್ಲರೆದುರು ಅಪ್ಪಣೆ ಕೊಟ್ಟರು! ಈ ಸುದ್ದಿ ಮೊದಲು ಹೇಳಿಬಿಟ್ಟೆ. ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮೂರು ಸಂಖದ ಮಠದಲ್ಲಿ ಶ್ರಾವಣ ಪೂರ್ತಿ ಇಳಿಹೊತ್ತಿಗೆ ಪುರಾಣ ನಡೆಯುತ್ತದೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಈ ಸಲ ಅರ್ಥ ಹೇಳುವ ಹಿರಿಯರಿಗೆ ಗಂಟಲು ಕಟ್ಟಿತು. ಸಾಲಿ ಹೆಚ್ಚು ಕಲಿಯದ ನನಗೆ ಮೊಮ್ಮಗಳು ಕಟ್ಟೆಯ ಮೇಲೆ ಕುಳಿತು ಬಿಡಿಸಿ ಹೇಳುವುದನ್ನು ಸ್ವಾಮಿಗಳು ಕೇಳಿದ್ದರು. "ಇವತ್ತೊಂದಿನ ನೀ ಹೇಳವಾ. ಮಂದಿ ಒಪ್ಪಿದ್ರ ಮುಂದ ನೋಡೂಣು" ಅಂದರು.

ಅಂದು ಪುರಾಣದ ನಾಯಕರಾದ ಶರಣರು ಹುಟ್ಟುವ ಅಧ್ಯಾಯ. ಆ ದಿನ ನಾವು ಹೆಂಗಸರು ಮಠದೊಳಗೆ ತೊಟ್ಟಿಲು ಕಟ್ಟಿ, ಪುರಾಣದ ಪುಸ್ತಕವನ್ನೇ ಕೂಸಿನಂತೆ ಮಲಗಿಸಿ, ಹಾಡಿ ತೂಗುತ್ತೇವೆ. ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ಪ್ರತಿ ವರ್ಷ ನನ್ನದೇ ಹೊಲಿಗೆ.

"ಮರಾಠಿ ಸಾಲಿ ಕಲತಾಕಿ ನಮ್ಮ ಪುರಾಣಕ್ಕ ಏನ ಅರ್ಥ ಹೇಳ್ತಾಳ?" ಎಂದು ಪಕ್ಕದ ಮನೆಯವಳು ಕೊಂಕು ತೆಗೆದಳು.

"ಕಿವಿ ತಂದೀಯಲ್ಲ? ಕುಂದರು, ಕೇಳು" ಅಂದೆ.

ಮೊಮ್ಮಗಳು ಶುರು ಮಾಡಿದಳು: "ಕೂಸಿಲ್ಲದ ಮನಿ ಕತ್ತಲಾಗಿತ್ತು ಅಂತ ಬರದೈತ್ರಿ. ಆ ಕತ್ತಲ ಮನಿ ಅಂದ್ರ ನಮ್ಮ ಮನಸು. ಶರಣರು ಹುಟ್ಟಿದ್ದು ಒಮ್ಮೆ. ನಮ್ಮೊಳಗ ಹೊಸ ಮನುಷ್ಯಾ ದಿನಾ ಹುಟ್ಟಬೇಕು."

ಪಕ್ಕದ ಮನೆಯವಳು ಎದ್ದೇ ನಿಂತಳು. "ಹಂಗಾರ ಇಷ್ಟ ವರ್ಷ ನಾವು ಖಾಲಿ ತೊಟ್ಟಿಲ ತೂಗಿದೆವೇನ?"

ಮಂದಿಯೆಲ್ಲ ಸ್ವಾಮಿಗಳ ಕಡೆ ನೋಡಿದರು. ಮುಗಿಯಿತು, ನಾಳೆ ಇವಳಿಗೆ ಈ ಜಾಗ ಇಲ್ಲ ಅಂದುಕೊಂಡೆ.

ಮೊಮ್ಮಗಳು ಮಾತ್ರ ನಕ್ಕಳು. "ಚಿಗವ್ವಾ, ಮೊನ್ನೆ ನಿಮ್ಮ ಸೊಸಿ ಹಡದು ಕೂಸ ಮನಿಗೆ ಬಂತಲ್ಲ, ಏನೇನ ಮಾಡಿದಿ?"

"ಏನ ಮಾಡೂದು? ಮನಿ ಸಾರಿಸಿದೆ. ಹೊರಗಿಂದ ಬಂದವರಿಗೆ ಕಾಲ ತೊಳಕೊಂಡ ಬರ್ರಿ ಅಂದೆ. ಒದರಬ್ಯಾಡ್ರಿ, ಕೂಸ ಏಳ್ತೈತಿ ಅಂದೆ."

"ಅಷ್ಟ ನೋಡ ಅರ್ಥ. ಒಳಗೊಂದು ಕೂಸ ಮಲಗೇತಿ ಅಂತ ತಿಳದು ಹಂಗ ನಡೀಬೇಕು. ನೀವು ತೂಗಿದ ತೊಟ್ಟಿಲ ಖಾಲಿ ಅಲ್ಲ. ಹಂಗ ನಡಿಯೂದನ್ನ ಕಲಿಸಾಕನ ಅದನ್ನ ತೂಗೂದು."

ಆಕೆ ಗಲ್ಲಕ್ಕೆ ಕೈಯಿಟ್ಟು ಕುಳಿತಳು. ಆಮೇಲೆ, "ಯವ್ವಾ, ನಮ್ಮ ಮನಿಯಾವರಿಗೆ ಮೊದಲ ಹೇಳ ಇದನ್ನ, ಭಾಳ ಒದರತಾರ" ಅಂದಳು. ಮಠವೆಲ್ಲ ನಗು! ಸ್ವಾಮಿಗಳು ನಗುತ್ತಲೇ ಆ ಅಪ್ಪಣೆ ಕೊಟ್ಟದ್ದು. ತೊಟ್ಟಿಲ ಹಗ್ಗವನ್ನು ಮೊದಲು ಜಗ್ಗಿದವಳು ಪಕ್ಕದ ಮನೆಯವಳೇ. ನನ್ನ ಎದೆ ಉಬ್ಬಿ ಹಾಡಿನ ಸೊಲ್ಲೇ ಮರೆತುಹೋಯಿತು.

ಸಂಜೆ ಸೊಸೆ ಗೋಧಿಹುಗ್ಗಿ ಮಾಡಿದಳು. ಮಗ ಹೊಲದಿಂದ ಲಗುಬಗೆಯಿಂದ ಬಂದ. ಎಲ್ಲರೂ ಪಡಸಾಲೆಯಲ್ಲಿ ಒಟ್ಟಿಗೆ ಕುಳಿತೆವು. ಮೊಮ್ಮಗಳ ಮುತ್ಯಾ, ಅಂದರೆ ನಮ್ಮ ಯಜಮಾನರು, ತುಪ್ಪದ ಬಟ್ಟಲನ್ನು ಮೊದಲು ಅವಳ ಕಡೆಗೆ ಸರಿಸಿ, "ಹಾಕ್ಕೋ, ನಾಳಿಗೆ ಗಂಟಲ ಬೇಕು" ಅಂದರು. ಅವಳು ಹಾಕಿಕೊಂಡು ನನ್ನ ತಾಟಿಗೂ ಸುರಿದಳು. ಹುಗ್ಗಿ ಮುಗಿಯುವ ತನಕ ಯಾರೂ ಏಳಲಿಲ್ಲ.